ಹಡಗಿನ ಆಪತ್ಕಾಲವೂ ಮುಖ್ಯಾಧಿಕಾರಿಯ ಕರ್ತವ್ಯವೂ

ಊರಿನಲ್ಲಿ ಒಂದು ಮನೆಗೆ ಬೆಂಕಿ ಬಿದ್ದರೆ ನೆರೆಯವರು ಕೊಡಗಳನ್ನು ಹಿಡಿದು ಓಡಿಬರುವರು. ಬೆಂಕಿಯಾರಿಸುವ ಬಂಡಿಯೂ ಬರುವುದು. ಏನೂ ಸಾಗದಿದ್ದರೆ ಮನೆಯವರು ಬೀದಿಗಿಳಿದು ದೂರ ನಿಂತಾದರೂ ಪ್ರಾಣ ಉಳಿಸಿಕೊಳ್ಳಬಹುದು. ನಡುಗಡಲಿನಲ್ಲಿರುವ ಹಡಗಿಗೆ ಈ ಮೂರರಲ್ಲಿ ಒಂದೂ ಇಲ್ಲ. ಬೆಂಕಿಯಾರಿಸುವವರು, ರೋಗಿಗೆ ಔಷಧ ಕೊಡುವವರು, ಒಡೆದ ಕಡೆಗೆ ತೇಪೆ ಹಾಕುವವರು ಎಲ್ಲರೂ ಆ ಹಡಗಿನೊಳಗಿರುವ ಇಪ್ಪತ್ತು ಇಪ್ಪತ್ತೈದು ಮಂದಿಯೇ ಆಗಬೇಕು. ಮಂಗಳೂರು, ಉಡುಪಿ, ಕಾರವಾರದ ಕಡೆಯ ಎಷ್ಟೋ ಮನೆಗಳ ಹುಡುಗರು ಇಂದು ಪರದೇಶದ ಹಡಗುಗಳಲ್ಲಿ ಉದ್ಯೋಗದಲ್ಲಿದ್ದಾರೆ. ಘಟ್ಟದ ಮೇಲಣ ಮನೆಗಳಿಂದ ಹೋದವರೂ ಇಲ್ಲದಿಲ್ಲ. ನಮ್ಮ ಶಿಷ್ಯರಲ್ಲಿಯೇ ಕೆಲವರು ಆ ದಾರಿ ಹಿಡಿದವರು. “ಅಲ್ಲಿ ಏನಾದರೂ ಆದರೆ ಯಾರು ದಿಕ್ಕಪ್ಪಾ?” ಎಂದು ಅವರನ್ನು ಕಳುಹಿಸುವಾಗ ತಾಯಂದಿರು ಕೇಳುವ ಪ್ರಶ್ನೆಗೆ ಕೈಲಾದ ಮಟ್ಟಿಗೆ ಉತ್ತರ ಹೇಳಬೇಕೆಂದೇ ಈ ಲೇಖನವನ್ನು ಬರೆಯಲು ತೊಡಗಿದ್ದೇವೆ.

ಹಡಗೆಂದೊಡನೆ ಜನರ ಕಣ್ಣಿಗೆ ಕಟ್ಟುವವನು ಕಪ್ತಾನನೊಬ್ಬನೇ. ಸಮಗ್ರ ಹೊಣೆಯೂ ಅವನದೆಂಬುದು ನಿಜ. ಆದರೆ ಅವನ ಕೆಳಗೆ, ಎರಡನೆಯ ಸ್ಥಾನದಲ್ಲಿ, ಮುಖ್ಯಾಧಿಕಾರಿಯೊಬ್ಬನಿರುವನು. ಹಡಗಿನವರು ಅವನನ್ನು ಚೀಫ್ ಆಫೀಸರೆಂದೂ ಚೀಫ್ ಮೇಟೆಂದೂ ಕರೆಯುವರು. ಸರಕನ್ನು ಎಲ್ಲೆಲ್ಲಿ ಎಷ್ಟೆಷ್ಟು ತುಂಬಬೇಕು, ತುಂಬಿದ ಮೇಲೆ ಹಡಗು ವಾಲದೆ ನಿಲ್ಲುವುದೇ, ಜೀವರಕ್ಷಕ ದೋಣಿಗಳು ಕೆಳಗಿಳಿಯುವ ಸ್ಥಿತಿಯಲ್ಲಿವೆಯೇ, ಖಲಾಸಿಗಳಿಗೆ ತಮ್ಮ ತಮ್ಮ ಕೆಲಸ ತಿಳಿದಿದೆಯೇ, ಇವೆಲ್ಲ ಬಹುಮಟ್ಟಿಗೆ ಅವನ ವಿಚಾರಣೆಗೆ ಸೇರಿದವು. ಬೆಂಕಿಯೆದ್ದಾಗ ಕಪ್ತಾನನು ಮೇಲೆ, ಹಡಗನ್ನು ನಡೆಸುವ ಅಟ್ಟದಲ್ಲಿ ನಿಂತು ದಿಕ್ಕನ್ನೂ ಹೊರಗಿನ ಲೋಕದೊಡನೆ ಮಾತನ್ನೂ ನೋಡಿಕೊಳ್ಳುವನು. ಹೊಗೆಯ ಬಳಿ ಹೋಗಿ ಜನರನ್ನು ನಡೆಸತಕ್ಕವನು ಸಾಮಾನ್ಯವಾಗಿ ಮುಖ್ಯಾಧಿಕಾರಿಯೇ. ಬಾಗಿಲ ಮೇಲೆ ಯಜಮಾನನ ಹೆಸರಿದ್ದರೂ ರಾತ್ರಿ ಮಲಗುವ ಮುನ್ನ ಒಲೆ, ದೀಪ, ಉಗ್ರಾಣ, ಹಿತ್ತಲ ಬಾಗಿಲ ಅಗುಳಿ ಇವನ್ನೆಲ್ಲ ನೋಡಿಬರುವ ಗೃಹಿಣಿಯ ಸ್ಥಾನ ಅವನದೆಂದರೆ ಹೆಚ್ಚು ತಪ್ಪಾಗಲಾರದು. (ಅವನೆಂದು ಬರೆದೆವೆಂದು ಸೋದರಿಯರು ಮುನಿಯಬಾರದು. ೨೦೧೫ರಲ್ಲಿ ಬಂಗಾಳಕೊಲ್ಲಿಯ ಬಿರುಗಾಳಿಯಲ್ಲಿ ಸಿಕ್ಕಿದ ದೋಣಿಯೊಂದರಿಂದ ಏಳು ಮಂದಿ ಬೆಸ್ತರನ್ನು ಉಳಿಸಿದ ತೈಲದ ಹಡಗಿಗೆ ಕಪ್ತಾನರಾಗಿದ್ದವರು ರಾಧಿಕಾ ಮೆನನ್ ಎಂಬ ಮಹಿಳೆ.)

ಈ ಅಧಿಕಾರಿಯ ಕರ್ತವ್ಯದ ಮರ್ಮವೇನೆಂಬುದನ್ನು ಒಂದು ದುರಂತದ ಮೂಲಕ ಹೇಳುವುದೇ ಲೇಸು.

೧೯೮೭ನೆಯ ಇಸವಿ ಮಾರ್ಚಿ ೬ರ ಸಂಜೆ ಬೆಲ್ಜಿಯಂ ದೇಶದ ಜೀಬ್ರುಗೆ ಬಂದರದಿಂದ ಇಂಗ್ಲೆಂಡಿನ ಡೋವರಿಗೆ ‘ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್’ ಎಂಬ ಹಡಗು ಹೊರಟಿತು. ಅದು ಮೋಟಾರು ಗಾಡಿಗಳನ್ನೂ ಪ್ರಯಾಣಿಕರನ್ನೂ ದಾಟಿಸುವ ಹಡಗು. ಗಾಡಿಗಳು ನೇರವಾಗಿ ಒಳಕ್ಕೆ ನಡೆದುಬರಲು ಅದರ ಮೂತಿಯಲ್ಲಿಯೇ ದೊಡ್ಡ ಬಾಗಿಲುಗಳು. ಹೊರಡುವ ಮುನ್ನ ಅವನ್ನು ಮುಚ್ಚತಕ್ಕವನು ಖಲಾಸಿಗಳ ಸಹಾಯಕ ಮೇಸ್ತ್ರಿ. ಅವನು ತನ್ನ ಕೋಣೆಯಲ್ಲಿ ನಿದ್ರೆಹೋಗಿದ್ದನು. ಹೊರಡುವ ಕರೆ ಅವನ ಕಿವಿಗೆ ಬೀಳಲಿಲ್ಲ. ಬಾಗಿಲು ಮುಚ್ಚುವವನು ತನ್ನ ಜಾಗಕ್ಕೆ ಬಂದನೆಂಬುದನ್ನು ಖಚಿತಪಡಿಸಿಕೊಳ್ಳಬೇಕಾಗಿದ್ದವನು ಮುಖ್ಯಾಧಿಕಾರಿ. ಗಾಡಿಗಳ ನಡುವೆ ಒಬ್ಬನು ಬರುತ್ತಿದ್ದುದನ್ನು ಕಂಡು, ಅವನೇ ಇವನೆಂದು ಭಾವಿಸಿ, ಆತನು ಮೇಲಕ್ಕೆ ಹೋದನು; ಏಕೆಂದರೆ ಹಡಗು ಹೊರಡುವ ಹೊತ್ತಿಗೆ ಅವನು ಮೇಲಿನ ಅಟ್ಟದಲ್ಲಿಯೂ ಇರಬೇಕೆಂದು ಕಂಪೆನಿಯ ನಿಯಮವಿತ್ತು! ಒಬ್ಬ ಮನುಷ್ಯ ಏಕಕಾಲದಲ್ಲಿ ಎರಡೆಡೆ ಇರುವುದು ಪುರಾಣದಲ್ಲಿ ಸಾಧ್ಯ. ಗಾಡಿಗಳ ಅಂತಸ್ತಿನಿಂದ ಕಡೆಯಲ್ಲಿ ಹೊರಟ ಮೇಸ್ತ್ರಿಯನ್ನು ಮುಂದೆ ವಿಚಾರಣೆಯಲ್ಲಿ ಕೇಳಿದಾಗ, ಬಾಗಿಲು ಮುಚ್ಚುವುದು ತನ್ನ ಕೆಲಸವಾಗಿರಲಿಲ್ಲವೆಂದನು. ಅದೂ ಸುಳ್ಳಲ್ಲ. ಇನ್ನು ಕಪ್ತಾನನಿಗೆ ತಾನಿದ್ದ ಎಡೆಯಿಂದ ಆ ಬಾಗಿಲುಗಳು ಕಾಣುತ್ತಿರಲಿಲ್ಲ. ಮುಚ್ಚಿವೆಯೇ ತೆರೆದಿವೆಯೇ ಎಂದು ತೋರಿಸುವ ದೀಪವೂ ಇರಲಿಲ್ಲ. ಏನಾದರೂ ಕೊರತೆಯಿದ್ದರೆ ಅಧಿಕಾರಿಗಳು ಬಂದು ತಿಳಿಸುವರು, ತಿಳಿಸದಿದ್ದರೆ ಎಲ್ಲವೂ ಸರಿಯಾಗಿದೆಯೆಂದು ತಿಳಿಯತಕ್ಕದ್ದು — ಇದು ಅಲ್ಲಿಯ ಪದ್ಧತಿ. ಯಾರೂ ಬರಲಿಲ್ಲ, ಏನೂ ಹೇಳಲಿಲ್ಲ. ಹಡಗು ಹೊರಟಿತು.

ಬಂದರದ ಗೋಡೆಯನ್ನು ದಾಟಿ ವೇಗ ಹೆಚ್ಚಿದೊಡನೆ ಮೂತಿಯ ಮುಂದೆ ಎದ್ದ ನೀರು ತೆರೆದ ಬಾಗಿಲಿನಿಂದ ಗಾಡಿಗಳ ಅಂತಸ್ತಿಗೆ ನುಗ್ಗಿತು. ಒಂದೂವರೆ ನಿಮಿಷದಷ್ಟರಲ್ಲಿ ಹಡಗು ಮಗ್ಗುಲಾಗಿ ಬಿದ್ದಿತು. ೧೯೩ ಜನರು ಸತ್ತರು. ಅದು ಬಿದ್ದ ಜಾಗದಲ್ಲಿ ಮರಳದಿಣ್ಣೆಯಿದ್ದು, ಅರ್ಧ ಮೇಲೆಯೇ ಉಳಿದುದರಿಂದ ಮಿಕ್ಕವರು ಬದುಕಿದರು.

ಅಷ್ಟು ದೊಡ್ಡ ಹಡಗು ಅಷ್ಟು ಬೇಗ ಹೇಗೆ ಮಗುಚಿತೆಂದು ವಾಚಕರು ಕೇಳಬಹುದು. ಅಡಿಗೆಮನೆಯಲ್ಲಿ ಪರೀಕ್ಷೆಮಾಡಿ ನೋಡಬಹುದಾದ ಸಂಗತಿಯಿದು. ಕೊಡದಲ್ಲಿ ತುಂಬಿದ ನೀರನ್ನು ಎತ್ತಿಕೊಂಡು ನಡೆಯುವುದು ಸುಲಭ. ಅದೇ ನೀರಿನಲ್ಲಿ ನಾಲ್ಕನೆಯ ಒಂದು ಪಾಲನ್ನು ಅಗಲವಾದ ಹರಿವಾಣದಲ್ಲಿ ಹೊಯ್ದು ನಡೆದರೆ, ಕೈ ತುಸು ಓರೆಯಾದರೂ ನೀರೆಲ್ಲ ಆ ಕಡೆಗೇ ಓಡಿ ಹರಿವಾಣವನ್ನು ಮತ್ತಷ್ಟು ವಾಲಿಸುವುದು. ಗಾಡಿಗಳಿಗಾಗಿ ಅಡ್ಡಗೋಡೆಗಳಿಲ್ಲದೆ ಕಟ್ಟಿದ ಆ ಅಂತಸ್ತು ಅಂತಹ ಒಂದು ಹರಿವಾಣ.

ಈ ಪ್ರಸಂಗದಲ್ಲಿ ನಮ್ಮನ್ನು ಕಾಡುವ ವಿಷಯವೇನೆಂದರೆ, ಇಲ್ಲಿ ದುಷ್ಟನೆಂಬವನೇ ಇಲ್ಲ. ಒಬ್ಬನಿಗೆ ನಿದ್ರೆ, ಒಬ್ಬನಿಗೆ ಆತುರ, ಒಬ್ಬನಿಗೆ ‘ಇದು ನನ್ನದಲ್ಲ’ವೆಂಬ ಭಾವ, ಮೇಲಿನವನಿಗೆ ನಂಬಿಕೆ. ಮೌನವು ಸಮ್ಮತಿಯ ಲಕ್ಷಣವೆಂದು ಮದುವೆಯ ಮಾತುಕತೆಗಳಲ್ಲಿ ಹೇಳುವುದುಂಟು. ಹಡಗಿನಲ್ಲಿ ಆ ಸೂತ್ರವನ್ನು ಅನ್ವಯಿಸಿದರೆ ಗತಿ ಹೀಗಾಗುವುದು. ಬಾಗಿಲು ಮುಚ್ಚಿತೆಂದು ಮುಚ್ಚಿದವನೇ ಬಾಯಿಬಿಟ್ಟು ಹೇಳಬೇಕು. ಹೇಳಿದ್ದನ್ನು ಕೇಳಿದವನು ಮರಳಿ ಹೇಳಿ ಒಪ್ಪಿಸಬೇಕು. ಹೇಳಿಕೆ ಬಾರದಿದ್ದರೆ ಕೆಲಸ ಆಗಿಲ್ಲವೆಂದೇ ಭಾವಿಸಬೇಕು. ಸಂಸ್ಕೃತದಲ್ಲಿ ಚುಕ್ಕಾಣಿಗೆ ‘ಕರ್ಣ’ವೆಂಬ ಹೆಸರಿದೆ, ಅದನ್ನು ಹಿಡಿದವನು ಕರ್ಣಧಾರ. ಕಿವಿಗೂ ಅದೇ ಶಬ್ದ. ವೈಯಾಕರಣರು ಏನೇ ಹೇಳಲಿ, ಕಿವಿಯನ್ನು ಗಟ್ಟಿಯಾಗಿ ಹಿಡಿದುಕೊಂಡವನೇ ಕರ್ಣಧಾರನೆಂಬ ಅರ್ಥವೂ ನಮಗೆ ಹಿತವಾಗಿಯೇ ತೋರುತ್ತದೆ.

ದುರಂತದ ವಿಚಾರಣೆ ನಡೆಸಿದ ನ್ಯಾಯಾಧೀಶ ಶೀನ್ ಎಂಬವರು ಹಡಗಿನವರನ್ನು ಮಾತ್ರ ದೂಷಿಸಿ ಕೈತೊಳೆದುಕೊಳ್ಳಲಿಲ್ಲ. ಕಂಪೆನಿಯ ಮೇಲಿನವರವರೆಗೂ ತಪ್ಪನ್ನು ಎತ್ತಿ ತೋರಿಸಿದರು. ೧೯೮೩ರಲ್ಲಿಯೇ ಅದೇ ಕಂಪೆನಿಯ ಇನ್ನೊಂದು ಹಡಗು ಇದೇ ರೀತಿ ಬಾಗಿಲು ತೆರೆದುಕೊಂಡು ಡೋವರಿನಿಂದ ಹೊರಟಿತ್ತು. ದೈವವಶಾತ್ ಏನೂ ಆಗಲಿಲ್ಲ. ಆಮೇಲೆ ಸೂಚನೆಯ ದೀಪ ಬೇಕೆಂದು ಕಪ್ತಾನರು ಬರೆದು ಕೇಳಿದರೆ ದಡದ ಕಚೇರಿಯವರು ಅದನ್ನು ಹಾಸ್ಯಮಾಡಿ ತಳ್ಳಿಹಾಕಿದರು. ನಮ್ಮ ಕೌಟಿಲ್ಯನು ತನ್ನ ಅರ್ಥಶಾಸ್ತ್ರದ ನಾವಧ್ಯಕ್ಷ ಪ್ರಕರಣದಲ್ಲಿ ದೊಡ್ಡ ನಾವೆಗಳಿಗೆ ಶಾಸಕ, ನಿಯಾಮಕ, ಹಗ್ಗ ಕುಡುಗೋಲು ಹಿಡಿಯುವವರು, ನೀರು ತೋಡಿ ಚೆಲ್ಲುವವರು ಇಂತಿಂಥವರಿರಬೇಕೆಂದು ವಿಧಿಸಿ, ಜನರಾಗಲಿ ಉಪಕರಣವಾಗಲಿ ಸಾಲದೆ, ಅಥವಾ ದುರಸ್ತಿಯಿಲ್ಲದೆ, ನಾವೆ ಕೆಟ್ಟರೆ ಆದ ನಷ್ಟವನ್ನು ನಾವಧ್ಯಕ್ಷನೇ ತುಂಬಿಕೊಡಬೇಕೆಂದಿದ್ದಾನೆ. ದಡದಲ್ಲಿ ಕುಳಿತವನಿಗೂ ಹೊಣೆಯುಂಟೆಂಬ ಈ ತತ್ತ್ವವು ಸರ್ವರಾಷ್ಟ್ರೀಯ ನಿಬಂಧನೆಯಾಗಿ ಪ್ರಯಾಣಿಕರ ಹಡಗುಗಳಿಗೆ ಕಡ್ಡಾಯವಾದುದು ೧೯೯೮ರ ಜುಲೈಯಿಂದ.

ಇನ್ನು ನಿತ್ಯದ ಸಿದ್ಧತೆಯ ಮಾತು. ಪ್ರತಿಯೊಂದು ದೊಡ್ಡ ಹಡಗಿನಲ್ಲಿಯೂ ಒಂದು ನಿಯೋಜನೆಯ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಅಂಟಿಸಿರಬೇಕು. ಏಳು ಅಥವಾ ಹೆಚ್ಚು ಸಲ ಗಿಡ್ಡ ಕೂಗು, ಅನಂತರ ಒಂದು ನೀಳವಾದ ಕೂಗು, ಇದು ಆಪತ್ತಿನ ಸಂಕೇತ. ಆ ಕೂಗು ಕೇಳಿದೊಡನೆ ಯಾರು ಎಲ್ಲಿ ನಿಲ್ಲಬೇಕು, ಯಾರು ನೀರಿನ ಕೊಳವೆ ಹಿಡಿಯಬೇಕು, ಯಾರು ಬಾಗಿಲು ಬಿಗಿಯಬೇಕು, ಯಾರು ದೋಣಿ ಸಜ್ಜುಮಾಡಬೇಕು ಎಂಬುದು ಅದರಲ್ಲಿರುವುದು. ಮುಖ್ಯರಾದವರು ಗಾಯಗೊಂಡರೆ ಅವರ ಸ್ಥಾನಕ್ಕೆ ಯಾರೆಂಬುದನ್ನೂ ಬರೆದಿರಬೇಕು. ತಿಂಗಳಿಗೊಮ್ಮೆಯಾದರೂ ಪ್ರತಿಯೊಬ್ಬ ಖಲಾಸಿಯೂ ಬೆಂಕಿಯ ಅಭ್ಯಾಸದಲ್ಲಿಯೂ ಹಡಗು ಬಿಡುವ ಅಭ್ಯಾಸದಲ್ಲಿಯೂ ಭಾಗವಹಿಸಬೇಕು. ನಾಲ್ಕರಲ್ಲಿ ಒಂದು ಪಾಲಿಗಿಂತ ಹೆಚ್ಚು ಜನ ಹಿಂದಿನ ತಿಂಗಳು ಆ ಹಡಗಿನಲ್ಲಿ ಅಭ್ಯಾಸ ಮಾಡಿಲ್ಲದಿದ್ದರೆ ಬಂದರು ಬಿಟ್ಟ ೨೪ ಗಂಟೆಗಳೊಳಗೆ ಮಾಡಿಸತಕ್ಕದ್ದು. ಕಾಗದದ ಮೇಲೆ ಅಭ್ಯಾಸ ನಡೆಸಿ ರುಜು ಹಾಕುವ ಮಹಾನುಭಾವರೂ ಈ ಲೋಕದಲ್ಲಿಲ್ಲದಿಲ್ಲ; ಒಳ್ಳೆಯ ಮುಖ್ಯಾಧಿಕಾರಿಯ ಪರೀಕ್ಷೆಯಾಗುವುದು ಅಲ್ಲಿಯೇ.

ಅಭ್ಯಾಸದ ಮೊದಲ ಕೆಲಸ ತಲೆಯೆಣಿಕೆ. ಮೂವತ್ತು ವರ್ಷಗಳಿಗೆ ಮೀರಿ ಪಾಠಶಾಲೆಯಲ್ಲಿ ಹಾಜರಿ ಕೂಗಿದ ನಮಗೆ ಈ ಭಾಗ ವಿಶೇಷವಾಗಿ ರುಚಿಸುತ್ತದೆ. ಹೆಸರು ಕೂಗಿದಾಗ “ಹಾಜರ್” ಎಂಬ ಸದ್ದು ಬಂದರೆ ಸಾಲದು. ಮಾವಿನಕಾಯಿಯ ಕಾಲದಲ್ಲಿ ತೋಟಕ್ಕೆ ಹೋದ ಗೆಳೆಯನ ಪರವಾಗಿ ಹಿಂದಿನ ಸಾಲಿನವನು ದನಿ ಬದಲಿಸಿ ಉತ್ತರ ಕೊಡುವುದುಂಟು. ಆದುದರಿಂದ ಪುಸ್ತಕದಿಂದ ತಲೆಯೆತ್ತಿ ಮುಖವನ್ನು ನೋಡಿಯೇ ಗುರುತು ಹಾಕಬೇಕು. ಹಡಗಿನಲ್ಲಿ ಇದು ಜೀವನ್ಮರಣದ ಪ್ರಶ್ನೆ. ಯಂತ್ರಶಾಲೆಯಲ್ಲಿ ಆರಿಸಲಾಗದ ಬೆಂಕಿಯೆದ್ದರೆ ಅಲ್ಲಿನ ಬಾಗಿಲು ಕಿಂಡಿಗಳನ್ನೆಲ್ಲ ಮುಚ್ಚಿ ಇಂಗಾಲಾಮ್ಲ ವಾಯುವನ್ನು ತುಂಬುವ ಏರ್ಪಾಡು ಅನೇಕ ಹಡಗುಗಳಲ್ಲಿರುವುದು. ಆ ವಾಯು ಬೆಂಕಿಯನ್ನು ಕೊಲ್ಲುವಂತೆ ಒಳಗುಳಿದ ಮನುಷ್ಯನನ್ನೂ ಕೊಲ್ಲುವುದು. ತಡಮಾಡಿದರೆ ಹಡಗು ಹೋಗುವುದು. ಎಣಿಕೆ ಮುಗಿಯದೆ ಬಿಟ್ಟರೆ ಒಳಗಿದ್ದವನು ಹೋಗುವನು. ಇಪ್ಪತ್ತೆರಡು ಹೆಸರುಗಳಲ್ಲಿ ಇಪ್ಪತ್ತೊಂದು ಮುಖಗಳು ಕಂಡಿವೆ, ಇನ್ನೊಂದು ಕಂಡಿಲ್ಲವೆಂದರೆ ಅಧಿಕಾರಿಯ ಎದೆಯಲ್ಲಿ ಏನು ನಡೆಯುವುದೆಂಬುದನ್ನು ವಾಚಕರೇ ಊಹಿಸಬಹುದು. ಈ ಎಣಿಕೆಯನ್ನು ಎರಡು ನಿಮಿಷದಲ್ಲಿ ಮುಗಿಸುವಂತೆ ಜನರನ್ನು ಪಳಗಿಸಿದ್ದರೆ ಆ ಧರ್ಮಸಂಕಟ ಬಹುಮಟ್ಟಿಗೆ ತಪ್ಪುವುದು.

ಬೆಂಕಿ ಬಿರುಗಾಳಿಗಳಿಲ್ಲದೆಯೇ ಸದ್ದಿಲ್ಲದೆ ಕೊಲ್ಲುವ ಇನ್ನೊಂದು ಶತ್ರುವುಂಟು. ನಮ್ಮ ಸೀಮೆಯ ಹಳೆಯ ಮನೆಗಳಲ್ಲಿ ರಾಗಿ ಜೋಳ ತುಂಬುವ ಹಗೇವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಗೇವಿನ ಬಾಯಿ ತೆರೆದು ಬಹಳ ಹೊತ್ತು ಗಾಳಿಯಾಡಲು ಬಿಟ್ಟು, ದೀಪವನ್ನು ಇಳಿಬಿಟ್ಟು ಆರದೆ ಉರಿಯುವುದನ್ನು ಕಂಡ ಮೇಲೆಯೇ ಹಿರಿಯರು ಆಳನ್ನು ಇಳಿಸುತ್ತಿದ್ದರು. ಹಡಗಿನ ಮುಚ್ಚಿದ ತೊಟ್ಟಿಗಳು, ಲಂಗರು ಸರಪಣಿಯ ಕೋಣೆ, ಕಲ್ಲಿದ್ದಲು, ಧಾನ್ಯ, ಮರದ ದಿಮ್ಮಿ ತುಂಬಿದ ಉಗ್ರಾಣಗಳು ಇವೆಲ್ಲ ಹಗೇವುಗಳೇ. ಕಬ್ಬಿಣ ತುಕ್ಕುಹಿಡಿಯುವಾಗಲೂ ಗಾಳಿಯಲ್ಲಿರುವ ಆಮ್ಲಜನಕವನ್ನು ತಿಂದುಬಿಡುವುದು. ನೂರರಲ್ಲಿ ೨೧ ಪಾಲು ಇರಬೇಕಾದ ಆ ಪ್ರಾಣವಾಯು ಇಳಿದಿರುವುದು ಕಣ್ಣಿಗೂ ಮೂಗಿಗೂ ತಿಳಿಯದು. ಇಳಿದವನು ಕುಸಿದುಬೀಳುವನು; ಮೇಲಿದ್ದ ಗೆಳೆಯನು ಅಯ್ಯೋ ಎಂದು ಧುಮುಕುವನು; ಅವನನ್ನೆತ್ತಲು ಮೂರನೆಯವನು ಇಳಿಯುವನು. ಹೀಗೆ ಎತ್ತಹೋದವರೇ ಸತ್ತ ನಿದರ್ಶನಗಳು ಹಡಗಿನ ವರದಿಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಹಡಗಿನಲ್ಲಿ ದೀಪದ ಪರೀಕ್ಷೆ ಸಲ್ಲದು, ಏಕೆಂದರೆ ಉರಿಯುವ ಅನಿಲವೂ ಇರಬಹುದು. ಮಾಪಕದಿಂದ ಅಳೆದು, ಅಧಿಕಾರಿ ರುಜುಮಾಡಿದ ಅಪ್ಪಣೆಯ ಚೀಟಿಯಿದ್ದು, ಬಾಯಿಯ ಬಳಿ ಒಬ್ಬನು ಕಾವಲು ನಿಂತ ಮೇಲೆ ಇಳಿಯತಕ್ಕದ್ದು. ಕಾವಲಿನವನಿಗೆ ಮುಖ್ಯಾಧಿಕಾರಿ ಕಲಿಸಬೇಕಾದುದು ಕರುಣೆಯನ್ನು ಕಟ್ಟಿಹಾಕುವ ವಿದ್ಯೆ: ಕೆಳಗೆ ಸ್ನೇಹಿತನು ಬಿದ್ದಿರುವುದನ್ನು ಕಂಡರೂ ಇಳಿಯದೆ, ಕೂಗಿ, ಉಸಿರಿನ ಸಲಕರಣೆ ತೊಟ್ಟವರು ಬರುವವರೆಗೆ ಕಾಯುವುದು. ಇದಕ್ಕಿಂತ ಕಷ್ಟವಾದ ಪಾಠವನ್ನು ನಾವು ಯಾವ ತರಗತಿಯಲ್ಲಿಯೂ ಕಲಿಸಿಲ್ಲ.

ಸಿದ್ಧತೆಯ ಮಾತು ಬಂದಾಗ ೧೯೧೨ರ ‘ಟೈಟಾನಿಕ್’ ಹಡಗನ್ನು ಬಿಟ್ಟು ಬರೆಯುವುದಾಗದು. ದೋಣಿಗಳು ಸಾಲದಿದ್ದುದನ್ನು ಎಲ್ಲರೂ ಬಲ್ಲರು. ಇದ್ದ ದೋಣಿಗಳೂ ತುಂಬಲಿಲ್ಲವೆಂಬುದು ಅದಕ್ಕಿಂತ ಶೋಚನೀಯ. ೬೫ ಜನ ಹಿಡಿಸುವ ಮೊದಲ ದೋಣಿ ಮೂವತ್ತು ಜನರೂ ಇಲ್ಲದೆ ಕೆಳಗಿಳಿಯಿತು. ತುಂಬ ಜನರನ್ನು ಕೂರಿಸಿ ಹಗ್ಗದಲ್ಲಿ ಇಳಿಸಿದರೆ ದೋಣಿ ಮುರಿಯಬಹುದೆಂಬ ಅಂಜಿಕೆ ಅಧಿಕಾರಿಗಳಿಗಿತ್ತು. ಕಟ್ಟಿದವರು ಅಷ್ಟು ಭಾರವನ್ನು ಹಾಕಿ ಪರೀಕ್ಷಿಸಿ ನೋಡಿಯೇ ಇದ್ದರು. ಅದನ್ನು ಈ ಅಧಿಕಾರಿಗಳಿಗೆ ಯಾರೂ ಹೇಳಿರಲಿಲ್ಲ. ಇಲ್ಲಿಯೂ ಅದೇ ಮೌನ.

ಅವರ ನೆರವಿಗೆ ಓಡಿಬಂದ ‘ಕಾರ್ಪೇಥಿಯಾ’ ಹಡಗಿನ ಕಪ್ತಾನರಾದ ಆರ್ಥರ್ ರಾಸ್ಟ್ರನ್ ಎಂಬವರ ನಡೆ ಇದಕ್ಕೆ ತೀರ ಬೇರೆ. ನಡುರಾತ್ರಿಯಲ್ಲಿ ನಿಸ್ತಂತು ವಾರ್ತೆ ಬಂದಾಗ ಹಡಗನ್ನು ತಿರುಗಿಸಲು ಮೊದಲು ಆಜ್ಞೆ ಕೊಟ್ಟು, ವಾರ್ತೆ ನಿಜವೇ ಎಂದು ಅನಂತರ ಕೇಳಿದರು. ೫೮ ಮೈಲಿಗಳ ದಾರಿ. ಆ ಮೂರೂವರೆ ಗಂಟೆಗಳಲ್ಲಿ ಅವರು ಕೊಟ್ಟ ಅಪ್ಪಣೆಗಳನ್ನು ಓದಿದರೆ ಮದುವೆಮನೆಯ ಒಳ್ಳೆಯ ಯಜಮಾನಿತಿಯ ನೆನಪಾಗುತ್ತದೆ: ಮೂವರು ವೈದ್ಯರಿಗೆ ಮೂರು ಊಟದ ಶಾಲೆಗಳು; ಕಂಬಳಿ, ಕಾಫಿ, ಬಿಸಿ ಸಾರು ಸಿದ್ಧ; ಏಣಿ ಹತ್ತಲಾಗದವರಿಗೆ ಹಗ್ಗದ ಕುರ್ಚಿ; ಮಕ್ಕಳನ್ನೆತ್ತಲು ಬೂದಿ ತುಂಬುವ ಕ್ಯಾನ್‌ವಾಸಿನ ಚೀಲಗಳು; ಪ್ರಯಾಣಿಕರ ಕೋಣೆಗಳನ್ನು ಬೆಚ್ಚಗಿಡುತ್ತಿದ್ದ ಉಗಿಯನ್ನೂ ತಡೆದು ಯಂತ್ರಗಳಿಗೆ; ಹಿಮದ ಗುಡ್ಡಗಳನ್ನು ಗಮನಿಸಲು ಹೆಚ್ಚಿನ ಕಾವಲು; ಕುತೂಹಲದಿಂದ ಹೊರಬರುವವರನ್ನು ಹಿಂದಕ್ಕೆ ಕಳುಹಿಸಲು ಪ್ರತಿ ಓಣಿಯಲ್ಲಿ ಒಬ್ಬ ಪರಿಚಾರಕ. ನಸುಕಿನ ನಾಲ್ಕು ಗಂಟೆಗೆ ಮೊದಲ ದೋಣಿ ಸಿಕ್ಕಿತು. ಏಳುನೂರಕ್ಕೂ ಮಿಕ್ಕ ಜನರನ್ನು ಗೊಂದಲವಿಲ್ಲದೆ ಹತ್ತಿಸಿಕೊಂಡರು.

ಎಲ್ಲರೂ ರಾಸ್ಟ್ರನರಾಗಲಾರರು. ೧೯೩೪ರ ಸೆಪ್ಟೆಂಬರ್ ೭ರ ಸಂಜೆ ‘ಮಾರೋ ಕ್ಯಾಸಲ್’ ಎಂಬ ಅಮೆರಿಕದ ಹಡಗಿನ ಕಪ್ತಾನನು ಹಠಾತ್ತಾಗಿ ತೀರಿಕೊಂಡನು. ಮುಖ್ಯಾಧಿಕಾರಿಯಾಗಿದ್ದ ವಿಲಿಯಂ ವಾರ್ಮ್ಸ್ ಎಂಬವನ ಮೇಲೆ ಆ ರಾತ್ರಿಯೇ ಪಟ್ಟ ಬಿದ್ದಿತು. ಕೆಲವು ಗಂಟೆಗಳಲ್ಲಿ, ಬೆಳಗಿನ ಜಾವ ಮೂರರ ಸುಮಾರಿಗೆ, ಬರೆಯುವ ಕೋಣೆಯ ಕಪಾಟಿನಲ್ಲಿ ಬೆಂಕಿ. ಎದುರುಗಾಳಿಯಲ್ಲಿ ಹಡಗು ವೇಗವಾಗಿಯೇ ಸಾಗಿತು, ಗಾಳಿ ಬೆಂಕಿಯನ್ನೂದಿತು. ಸಹಾಯ ಬೇಡುವ ವಾರ್ತೆ ಹೊರಡಲು ಅರ್ಧ ಗಂಟೆಯಷ್ಟು ತಡವಾಯಿತು. ಮೊದಲು ಇಳಿದ ದೋಣಿಗಳಲ್ಲಿ ಹೆಚ್ಚಾಗಿ ಹಡಗಿನ ನೌಕರರೇ ಇದ್ದರು. ೧೩೭ ಜನರು ಸತ್ತರು. ನ್ಯಾಯಾಲಯವು ವಾರ್ಮ್ಸನಿಗೆ ಶಿಕ್ಷೆ ವಿಧಿಸಿತು. ಮೇಲ್ಮನವಿಯಲ್ಲಿ ಅದು ರದ್ದಾಯಿತು. ಅವನನ್ನು ನಿಂದಿಸುವುದು ಸುಲಭ. ಆದರೆ ‘ಕಪ್ತಾನನು ಈ ರಾತ್ರಿ ಇಲ್ಲದೆಹೋದರೆ?’ ಎಂಬ ಪ್ರಶ್ನೆಯನ್ನು ಎರಡನೆಯವನು ಪ್ರತಿ ರಾತ್ರಿಯೂ ಕೇಳಿಕೊಂಡಿರಬೇಕೆಂಬುದೇ ನಮಗೆ ಇದರಲ್ಲಿ ಮುಖ್ಯವಾಗಿ ಕಾಣುವುದು.

ಇವು ದೂರದ ಕತೆಗಳೆಂದು ಎನಿಸಿದರೆ, ನಮ್ಮ ದಡಕ್ಕೇ ಬಂದ ಒಂದನ್ನು ಹೇಳುವೆವು. ೨೦೨೫ರ ಜೂನ್ ೯ರಂದು ಕೊಲಂಬೊದಿಂದ ಮುಂಬಯಿಯ ಬಳಿಯ ನ್ಹಾವಾ ಶೇವಾ ಬಂದರಕ್ಕೆ ಹೋಗುತ್ತಿದ್ದ ‘ವಾನ್ ಹೈ ೫೦೩’ ಎಂಬ ಹಡಗಿನಲ್ಲಿ, ಕೇರಳದ ತೀರದಾಚೆ, ಸರಕಿನ ಪೆಟ್ಟಿಗೆಗಳ ನಡುವೆ ಸ್ಫೋಟವಾಗಿ ಬೆಂಕಿ ಹಬ್ಬಿತು. ಹಡಗಿನಲ್ಲಿ ೨೨ ಜನರಿದ್ದರು. ಹಡಗನ್ನು ಬಿಟ್ಟಿಳಿದ ೧೮ ಮಂದಿಯನ್ನು ನಮ್ಮ ನೌಕಾದಳದ ‘ಸೂರತ್’ ಹಡಗು ನವಮಂಗಳೂರು ಬಂದರಕ್ಕೆ ತಂದಿತು. ಸುಟ್ಟಗಾಯದವರಿಗೆ ಮಂಗಳೂರಿನಲ್ಲಿಯೇ ಚಿಕಿತ್ಸೆಯಾಯಿತು. ನಾಲ್ವರು ಕಾಣೆಯಾದರು. ಇಂತಹ ಹಡಗಿನ ಮುಖ್ಯಾಧಿಕಾರಿಯ ಕಷ್ಟವನ್ನು ಸ್ವಲ್ಪ ಯೋಚಿಸಬೇಕು. ಸಾವಿರಾರು ಪೆಟ್ಟಿಗೆಗಳು ಮೊಹರು ಹಾಕಿಯೇ ಬರುತ್ತವೆ. ಒಳಗೇನಿದೆಯೆಂದು ಕಾಗದ ಹೇಳಿದ್ದನ್ನೇ ನಂಬಿ, ಬೆಂಕಿ ಹಿಡಿಯುವುದನ್ನು ಬಿಸಿಯಿಂದ ದೂರ, ಒಂದಕ್ಕೊಂದು ಸೇರದವನ್ನು ಬೇರೆ ಬೇರೆ ಇರಿಸಬೇಕು. ಕೂಲಿ ಉಳಿಸಲು ಅಪಾಯದ ಸರಕಿಗೆ ಸಾಧುವಾದ ಹೆಸರು ಬರೆದು ಕಳುಹಿಸುವ ವರ್ತಕರಿರುವುದು ಈ ಉದ್ಯಮದಲ್ಲಿ ತಿಳಿದ ಸಂಗತಿ. ಈ ಹಡಗಿನಲ್ಲಿ ಹಾಗೆ ನಡೆಯಿತೆಂದು ನಾವು ಹೇಳುತ್ತಿಲ್ಲ. ದಡದ ಒಂದು ಸುಳ್ಳಿಗೆ ಕಡಲಲ್ಲಿ ಯಾರು ತೆರುವರೆಂಬುದನ್ನಷ್ಟೇ ಹೇಳುತ್ತಿದ್ದೇವೆ.

ವಿನೋದಕ್ಕಾಗಿ ಹಡಗೇರುವ ಗೃಹಸ್ಥರು ಈಗ ಹೆಚ್ಚುತ್ತಿರುವರಾದ್ದರಿಂದ ಅವರಿಗಾಗಿ ಎರಡು ಮಾತು ಸೇರಿಸುವೆವು. ೨೦೧೨ರ ಜನವರಿ ೧೩ರ ರಾತ್ರಿ ಇಟಲಿಯ ‘ಕೋಸ್ಟಾ ಕಂಕಾರ್ಡಿಯಾ’ ಬಂಡೆಗೆ ತಾಗಿದಾಗ, ಆ ದಿನವೇ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಎಲ್ಲಿ ಸೇರಬೇಕೆಂಬುದನ್ನೇ ಇನ್ನೂ ತೋರಿಸಿರಲಿಲ್ಲ. ವಿದ್ಯುತ್ತು ಕೆಟ್ಟಿದೆಯೆಂದು ಅವರಿಗೆ ಹೇಳಲಾಯಿತು. ಹಡಗು ಬಿಡಿರೆಂಬ ಆಜ್ಞೆ ಬಂದುದು ಒಂದು ಗಂಟೆಗೂ ಮೇಲಾದ ಮೇಲೆ. ೩೨ ಜನರು ಸತ್ತರು. ಅದರ ತರುವಾಯ, ೨೦೧೫ರಿಂದ, ಈ ಪಾಠವನ್ನು ಹಡಗು ಹೊರಡುವ ಮುನ್ನವೇ ಅಥವಾ ಹೊರಟೊಡನೆಯೇ ಮುಗಿಸಬೇಕೆಂದಾಗಿದೆ. ಆದುದರಿಂದ ಹಡಗೇರಿದವರು ಸಾಮಾನು ಬಿಚ್ಚುವ ಮೊದಲು ಕೋಣೆಯ ಬಾಗಿಲ ಹಿಂದೆ ಅಂಟಿಸಿದ ಚೀಟಿಯನ್ನು ಓದಿ, ತಾವು ಸೇರಬೇಕಾದ ಸ್ಥಳಕ್ಕೆ ಒಮ್ಮೆ ನಡೆದುಹೋಗಿ ಬರಬೇಕು. ಕತ್ತಲಲ್ಲಿಯೂ ತಿಳಿಯುವಂತೆ ತಿರುವುಗಳನ್ನು ಎಣಿಸಿಕೊಳ್ಳಬೇಕು. ಕೂಗು ಕೇಳಿದಾಗ ಬೆಚ್ಚನೆಯ ಬಟ್ಟೆ, ನಿತ್ಯದ ಔಷಧ, ತೇಲುಕವಚ ಇವಿಷ್ಟನ್ನೇ ತೆಗೆದುಕೊಂಡು ಪೆಟ್ಟಿಗೆ ಒಡವೆಗಳನ್ನು ಅಲ್ಲಿಯೇ ಬಿಟ್ಟು, ಲಿಫ್ಟನ್ನು ಹತ್ತದೆ ಮೆಟ್ಟಿಲಿನಿಂದ ಹೋಗತಕ್ಕದ್ದು. ಮಕ್ಕಳ ತೇಲುಕವಚಗಳು ಬೇರೆಯೇ ಇರುತ್ತವೆ, ದೊಡ್ಡವರದು ಅವರಿಗೆ ನಿಲ್ಲದು. ಹತ್ತಿದ ದಿನವೇ ಪರಿಚಾರಕನನ್ನು ಕೇಳಿ ಪಡೆದು, ಒಮ್ಮೆ ತೊಡಿಸಿ, ಪಟ್ಟಿ ಬಿಗಿದು ನೋಡಿಟ್ಟುಕೊಳ್ಳಬೇಕು.